ಮೂಳೆ ಕೂಡಿತು, ಕಾಲು ಬರಲಿಲ್ಲ

ಕಳೆದ ವರ್ಷ ಜುಲೈಯಲ್ಲಿ ನಮ್ಮತ್ತೆ ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಅವರಿಗೆ ಎಪ್ಪತ್ತೊಂಬತ್ತು. ಕೊಡಗಿನ ಭಾಗಮಂಡಲದ ಕಡೆಯ ಜುಲೈ ಅಂದರೆ ಗೊತ್ತಲ್ವಾ, ವಾರಗಟ್ಟಲೆ ಬಿಸಿಲು ಕಾಣದೆ ಕಲ್ಲಿನ ಮೇಲೆಲ್ಲ ಪಾಚಿ ಕಟ್ಟಿರುತ್ತದೆ. ಹಸುವಿಗೆ ಹುಲ್ಲು ಹಾಕಿ ಬರುತ್ತೇನೆ ಅಂತ ಹೋದವರು ಬಲಗಾಲು ಹಿಡಿದುಕೊಂಡು ಅಲ್ಲೇ ಕೂತಿದ್ದರು. ಎಕ್ಸ್‌ರೇಯಲ್ಲಿ ಪಾದದ ಗೆಣ್ಣಿನ ಮೇಲೆ ಸಣ್ಣ ಬಿರುಕು ಕಾಣಿಸಿತು. ಆಪರೇಷನ್ ಬೇಡ, ಆರು ವಾರ ಪ್ಲಾಸ್ಟರ್ ಇರಲಿ, ರೆಸ್ಟ್ ಮಾಡಲಿ ಅಂದರು. ದೊಡ್ಡ ಗಂಡಾಂತರ ತಪ್ಪಿತು ಅಂತ ನಾವೆಲ್ಲ ಉಸಿರು ಬಿಟ್ಟೆವು.

ಆ ರೆಸ್ಟ್ ಅನ್ನುವ ಮಾತನ್ನು ನಾವು ತುಂಬಾ ಪ್ರೀತಿಯಿಂದ ಪಾಲಿಸಿದೆವು. ಕಾಫಿ ಮಂಚಕ್ಕೆ, ಊಟ ಮಂಚಕ್ಕೆ, ಕಮೋಡ್ ಕುರ್ಚಿ ಮಂಚದ ಪಕ್ಕಕ್ಕೆ. ಮೊದಲ ವಾರ ಅವರು, ನಾನು ಕೂತೇ ಬೀನ್ಸ್ ಹೆಚ್ಚಿಕೊಡುತ್ತೇನೆ ಕೊಡು ಅಂದರು. ಬೇಡ ಅತ್ತೆ, ನೀವು ಸುಮ್ನೆ ಮಲಗಿ ಅಂದೆ. ಎರಡನೇ ವಾರ ಅವರು ಕೇಳಲೇ ಇಲ್ಲ.

ಆಗಸ್ಟ್ ಕೊನೆಗೆ ಪ್ಲಾಸ್ಟರ್ ತೆಗೆದರು. ಮೂಳೆ ಚೆನ್ನಾಗಿ ಕೂಡಿತ್ತು. ಆದರೆ ಅತ್ತೆಗೆ ಕುರ್ಚಿಯಿಂದ ಏಳಲು ಆಗಲಿಲ್ಲ. ಮುರಿದ ಕಾಲೊಂದೇ ಅಲ್ಲ, ಏನೂ ಆಗದ ಎಡಗಾಲೂ ನಡುಗುತ್ತಿತ್ತು. ತೊಡೆ ನೋಡಿದರೆ ನನ್ನ ತೋಳಿನಷ್ಟೇ ಆಗಿತ್ತು. ಬೀಳುವ ಹಿಂದಿನ ದಿನದವರೆಗೂ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ತೋಟದಿಂದ ಏರು ಹತ್ತಿ ಬರುತ್ತಿದ್ದ ಹೆಂಗಸು ಅದು.

ಈ ಬರಹ ಬರೆಯಲು ಕೂತಿದ್ದೇ ಆ ದಿನದ ಕಾರಣಕ್ಕೆ. ಹೆಚ್ಚು ಕಾಲ ಬದುಕುವುದು ಹೇಗೆ ಅಂತ ಎಲ್ಲ ಕಡೆ ಓದುತ್ತೇವೆ, ಯಾವ ಕಾಳು ನೆನೆಸಿ ತಿನ್ನಬೇಕು, ಯಾವ ಎಣ್ಣೆ ಒಳ್ಳೆಯದು ಅಂತ. ಅದೆಲ್ಲ ಇರಲಿ. ಕೂತಲ್ಲಿಂದ ತಾನೇ ಎದ್ದು ಬಚ್ಚಲಿಗೆ ಹೋಗಿ ಬರುವ ಶಕ್ತಿ ಕಾಲಿನಲ್ಲಿ ಉಳಿಯದಿದ್ದರೆ ಆ ವರ್ಷಗಳನ್ನು ಕಳೆಯುವುದು ಹೇಗೆ? ಆ ಶಕ್ತಿ ಎಷ್ಟು ಬೇಗ ಹೋಗುತ್ತದೆ, ಮತ್ತೆ ಹೇಗೆ ಬರುತ್ತದೆ ಅನ್ನುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದೆ.

ಆಮೇಲೆ ರಾತ್ರಿ ಕೂತು ಓದಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಪ್ರಯೋಗ ಮಾಡಿದ್ದರು. ಇಪ್ಪತ್ತು ವರ್ಷದ ಐದು ಜನ ಗಟ್ಟಿಮುಟ್ಟಾದ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಇಟ್ಟು, ದೇಹಕ್ಕೆ ದುಡಿಯುವ ತಾಕತ್ತು ಎಷ್ಟು ಇಳಿಯಿತು ಅಂತ ಅಳೆದರು. ಮೂವತ್ತು ವರ್ಷ ಬಿಟ್ಟು ಅದೇ ಐದು ಜನರನ್ನು ಹುಡುಕಿ ಮತ್ತೆ ಅಳೆದರು. ಆಗ ಅವರಿಗೆ ಐವತ್ತು. ಮೂವತ್ತು ವರ್ಷದ ವಯಸ್ಸು ಅವರಿಂದ ಕಿತ್ತುಕೊಂಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆಯೇ ಜಾಸ್ತಿ ಕಿತ್ತುಕೊಂಡಿತ್ತು! ನಾನು ಇದನ್ನು ಎರಡು ಸಲ ಓದಿದೆ. ಇಪ್ಪತ್ತರ ಹುಡುಗರಿಗೇ ಹೀಗಾದರೆ, ಎಪ್ಪತ್ತೊಂಬತ್ತರ ಅತ್ತೆಯನ್ನು ನಾವು ಆರು ವಾರ ಮಲಗಿಸಿದ್ದೆವು. ಇನ್ನೊಂದು ಕಾಲನ್ನು ಆಡಿಸುತ್ತಿರಿ, ಕೂತಲ್ಲೇ ಕೈಗೆ ಕೆಲಸ ಕೊಡಿ ಅಂತ ಆಸ್ಪತ್ರೆಯಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ ಅಂತ ಇವತ್ತಿಗೂ ಅನಿಸುತ್ತದೆ. ನಾವೂ ಕೇಳಲಿಲ್ಲ.

ಆದರೆ ಆ ಕತೆಗೆ ಇನ್ನೊಂದು ಭಾಗವಿದೆ. ಐವತ್ತಾದ ಆ ಐವರಿಗೆ ಆರು ತಿಂಗಳು ನಿಧಾನಕ್ಕೆ ನಡಿಗೆ, ಓಟ, ಸೈಕಲ್ ಮಾಡಿಸಿದಾಗ ಮೂವತ್ತು ವರ್ಷದಲ್ಲಿ ಕಳೆದುಕೊಂಡ ದಮ್ಮು ವಾಪಸ್ ಬಂತಂತೆ. 1990ರಲ್ಲಿ ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಮಾಡಿದ್ದು ಇನ್ನೂ ದೊಡ್ಡದು. ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಕೊನೆವರೆಗೆ ಮಾಡಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ತೊಂಬತ್ತನೇ ವಯಸ್ಸಿನಲ್ಲಿ! ಆ ರಾತ್ರಿ ನನಗೆ ಧೈರ್ಯ ಬಂತು.

ಮಡಿಕೇರಿಯಿಂದ ಒಬ್ಬ ಫಿಸಿಯೋಥೆರಪಿ ಹುಡುಗಿ ವಾರಕ್ಕೆ ಎರಡು ದಿನ ಬರಲು ಒಪ್ಪಿದಳು. ಏನೋ ಯಂತ್ರ ತರುತ್ತಾಳೆ ಅಂದುಕೊಂಡಿದ್ದೆ. ಅವಳು ನಮ್ಮ ಅಡುಗೆಮನೆಯ ಮರದ ಕುರ್ಚಿಯನ್ನು ಎಳೆದು ಗೋಡೆಗೆ ತಾಗಿಸಿ ಇಟ್ಟಳು, ಅದರ ಮೇಲೆ ಎರಡು ದಿಂಬು ಹಾಕಿದಳು, ಅಷ್ಟೇ.

"ಅಜ್ಜೀ, ಕೈ ಊರಬೇಡಿ. ಕೈ ಎದೆ ಮೇಲೆ ಕಟ್ಟಿ. ಮೂಗು ಮುಂದಕ್ಕೆ ತನ್ನಿ, ಈಗ ಏಳಿ."

"ಆಗುದಿಲ್ಲ ಮಗಾ."

"ಆಗುತ್ತೆ. ನಾನು ಇಲ್ಲೇ ಇದ್ದೇನೆ."

ಮೊದಲ ದಿನ ಮೂರು ಸಲ ಎದ್ದರು. ಮೂರನೆಯದಕ್ಕೆ ಮುಖವೆಲ್ಲ ಬೆವರು. ದಿಂಬು ಹಾಕಿದ್ದು ಯಾಕೆಂದರೆ ಕುರ್ಚಿ ಎತ್ತರವಾದಷ್ಟೂ ಏಳುವುದು ಸುಲಭ. ಹತ್ತು ದಿನಕ್ಕೆ ಒಂದು ದಿಂಬು ತೆಗೆದಳು, ಮೂರು ವಾರಕ್ಕೆ ಇನ್ನೊಂದು. ಸ್ವಲ್ಪ ಕಷ್ಟ ಅನಿಸಬೇಕು, ಕೊನೆಯ ಎರಡು ಸಲ ತೊಡೆ ಉರಿಯಬೇಕು, ಆಗಲೇ ಮಾಂಸಖಂಡಕ್ಕೆ ಬೆಳೆಯಬೇಕು ಅಂತ ತಿಳಿಯುವುದು ಅಂತ ಅವಳು ನನಗೆ ಹೇಳಿಕೊಟ್ಟಳು. ಸುಲಭವಾಗಿ ಹತ್ತು ಸಲ ಆದರೆ ಅಲ್ಲಿಗೆ ನಿಲ್ಲಿಸಬಾರದು, ಕುರ್ಚಿ ತಗ್ಗಿಸಬೇಕು ಅಥವಾ ಕೈಗೆ ಭಾರ ಕೊಡಬೇಕು. ಜೊತೆಗೆ ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಆಮೇಲೆ ಅದೇ ಕಟ್ಟೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು, ಬೇಕಾದರೆ ಹಿಡಿದುಕೊಳ್ಳಲು ಕೈ ಹತ್ತಿರವೇ ಇಟ್ಟುಕೊಂಡು. ಇದಕ್ಕೆಲ್ಲ ದಿನಕ್ಕೆ ಹದಿನೈದು ನಿಮಿಷ.

ಅತ್ತೆಯ ಜೊತೆ ನಾನೂ ಒಂಟಿ ಕಾಲಲ್ಲಿ ನಿಂತೆ. ನನಗೆ ಐವತ್ತೆರಡು. ಎಡಗಾಲಲ್ಲಿ ಏಳು ಸೆಕೆಂಡಿಗೆ ವಾಲಿದೆ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರನ್ನು ಹೀಗೇ ನಿಲ್ಲಿಸಿ ನೋಡಿದ್ದರು, 2022ರಲ್ಲಿ ಅದು ಪ್ರಕಟವಾಯಿತು. ಹತ್ತು ಸೆಕೆಂಡು ನಿಲ್ಲಲಾಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಜಾಸ್ತಿ ಇತ್ತು. ನಿಲ್ಲಲಾಗದ್ದೇ ಸಾವಿಗೆ ಕಾರಣ ಅಂತ ಅದರ ಅರ್ಥ ಅಲ್ಲ. ಕಾಲು, ನರ, ಕಿವಿಯೊಳಗಿನ ಸಮತೋಲ ಎಲ್ಲ ಹೇಗಿದೆ ಅಂತ ಅದು ತೋರಿಸುತ್ತದೆ. ನನಗೆ ತೋರಿಸಿದ್ದು ಸಾಕಾಗಿತ್ತು.

ಅದೇ ತಿಂಗಳು ನನ್ನ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತ ಹಾಗೆ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 2023ರಲ್ಲಿ ಹೇಳಿತು. ಅದು ಪೇಟೆಯವರ ಕಾಯಿಲೆ, ಬೆಟ್ಟದಲ್ಲಿರುವ ನಮಗೆ ಬರುವುದಿಲ್ಲ ಅಂತ ನಾನು ನಿಜಕ್ಕೂ ನಂಬಿದ್ದೆ.

ಯಾಕೆ ಬಂತು ಅಂತ ಯೋಚಿಸಿದಾಗ ನಮ್ಮ ಮನೆಯ ಏರು ನೆನಪಾಯಿತು. ರಸ್ತೆಯಿಂದ ಮನೆಗೆ ಕಾಲುದಾರಿ ಇದೆ, ನೆಟ್ಟಗೆ ಏರು, ನಡುವೆ ಒಂದು ಹಲಸಿನ ಮರ. ನಾನು ಮದುವೆಯಾಗಿ ಬಂದಾಗ ಎಲ್ಲವೂ ಆ ದಾರಿಯಲ್ಲೇ ಬರುತ್ತಿತ್ತು. ರೇಷನ್ ಅಕ್ಕಿ, ಗೊಬ್ಬರದ ಮೂಟೆ, ಗ್ಯಾಸ್ ಸಿಲಿಂಡರ್, ಕಂಕುಳಲ್ಲಿ ಮಗು. ಆಮೇಲೆ ಸುತ್ತು ಹಾಕಿ ಬರುವ ಕಾಂಕ್ರೀಟ್ ರಸ್ತೆ ಆಯಿತು, ಜೀಪು ಅಂಗಳಕ್ಕೇ ಬಂತು, ನನಗೆ ಸ್ಕೂಟಿ ಬಂತು. ರಸ್ತೆ ಬೇಡವಾಗಿತ್ತು ಅಂತ ನಾನು ಯಾವತ್ತೂ ಹೇಳುವುದಿಲ್ಲ. ರಾತ್ರಿ ಹೆರಿಗೆ ನೋವು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಿದ ದಾರಿ ಅದು. ಆದರೆ ಏರು ಹೋದಾಗ ಅದರ ಜೊತೆ ನಮ್ಮ ಕಾಲಿಗೆ ದಿನಾ ಸಿಗುತ್ತಿದ್ದ ಕೆಲಸವೂ ಹೋಯಿತು, ಅದನ್ನು ಯಾರೂ ಲೆಕ್ಕ ಹಾಕಲಿಲ್ಲ. ಗದ್ದೆಯೂ ಹಾಗೇ. ನಾಟಿಗೆ ಜನ ಸಿಗದೆ ನಮ್ಮದು ಪಾಳು ಬಿದ್ದು ಒಂಬತ್ತು ವರ್ಷ ಆಯಿತು. ತಟ್ಟೆಗೆ ಬೀಳುವ ಅನ್ನ ಮಾತ್ರ ಗದ್ದೆ ಕೆಲಸದ ಕಾಲದಷ್ಟೇ ಇದೆ.

ಮೆಟ್ಟಿಲು ಹತ್ತುವವರಿಗೂ ಕೂತು ಕೆಲಸ ಮಾಡುವವರಿಗೂ ಇರುವ ವ್ಯತ್ಯಾಸವನ್ನು ಮೊದಲು ಲೆಕ್ಕ ಹಾಕಿದ್ದು ಲಂಡನ್‌ನ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ 1953ರಲ್ಲಿ ಬರೆದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಮೇಲೆ ಕೆಳಗೆ ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದಯಾಘಾತ ಕಡಿಮೆ. ಒಂದೇ ಬಸ್ಸು, ಒಂದೇ ಊರು. ಇದನ್ನು ಓದಿದ ಮಾರನೇ ದಿನದಿಂದ ನಾನು ಸ್ಕೂಟಿಯನ್ನು ಕೆಳಗೆ ಅಂಗಡಿಯ ಹತ್ತಿರ ನಿಲ್ಲಿಸಿ, ಸಾಮಾನಿನ ಚೀಲ ಎರಡೂ ಕೈಯಲ್ಲಿ ಹಿಡಿದು ಹಳೇ ಕಾಲುದಾರಿಯಲ್ಲಿ ಹತ್ತಲು ಶುರು ಮಾಡಿದೆ. ಮೊದಲ ವಾರ ಹಲಸಿನ ಮರದ ಹತ್ತಿರ ನಿಲ್ಲಬೇಕಾಗಿತ್ತು.

ವಾರಕ್ಕೆ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಬಲ ಹೆಚ್ಚಿಸುವ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅರವತ್ತೈದು ದಾಟಿದವರಿಗೆ ಬೀಳದಂತೆ ಸಮತೋಲದ ಅಭ್ಯಾಸವೂ ವಾರಕ್ಕೆ ಮೂರು ದಿನ. ಮೊದಲನೆಯದು ಎಲ್ಲರಿಗೂ ಗೊತ್ತು, ಉಳಿದೆರಡನ್ನು ಯಾರೂ ಹೇಳುವುದೇ ಇಲ್ಲ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅನ್ನುವಷ್ಟು ಏದುಸಿರು ಬಂದರೆ ನಡಿಗೆ ಚುರುಕಾಗಿದೆ ಅಂತ ಲೆಕ್ಕ. ನಮ್ಮ ಏರಿನಲ್ಲಿ ಅದು ತಾನಾಗೇ ಆಗುತ್ತದೆ.

ಹತ್ತು ಸಾವಿರ ಹೆಜ್ಜೆ ಅಂತ ಮೊಬೈಲ್ ನೋಡಿ ಬೇಜಾರು ಮಾಡಿಕೊಳ್ಳುವ ಗೆಳತಿಯರು ನನಗಿದ್ದಾರೆ. ಆ ಸಂಖ್ಯೆ ಬಂದಿದ್ದು ಜಪಾನಿನಲ್ಲಿ 1965ರ ಸುಮಾರಿಗೆ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. 2019ರಲ್ಲಿ ಅಮೆರಿಕದಲ್ಲಿ ಸರಾಸರಿ 72 ವರ್ಷದ ಹೆಂಗಸರನ್ನು ನೋಡಿದಾಗ, ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲೇ ಸಾವು ಸಾಕಷ್ಟು ಕಡಿಮೆ ಇತ್ತು, 7,500ರ ಹತ್ತಿರ ಬಂದ ಮೇಲೆ ಲಾಭ ಇನ್ನು ಹೆಚ್ಚಲಿಲ್ಲ. ನನಗೆ ಇದು ತುಂಬಾ ಸಮಾಧಾನ ಕೊಟ್ಟ ವಿಷಯ. ಏನೂ ಮಾಡದವರು ಸ್ವಲ್ಪ ಮಾಡಿದಾಗಲೇ ಜಾಸ್ತಿ ಲಾಭ.

ಬೆಳಗ್ಗೆ ಐದಕ್ಕೆ ಎದ್ದು ವಾಕಿಂಗ್ ಹೋಗಿ ಅನ್ನುವ ಸಲಹೆ ಮಾತ್ರ ಕೊಡಗಿಗೆ ಆಗಿಬರುವುದಿಲ್ಲ. ಸಿದ್ದಾಪುರದ ಕಡೆಯ ನಮ್ಮ ನೆಂಟರು ಬೆಳಕಾದ ಮೇಲೂ ಆನೆ ಎಲ್ಲಿದೆ ಅಂತ ವಿಚಾರಿಸಿಕೊಂಡೇ ಗೇಟು ದಾಟುತ್ತಾರೆ. ಅವರು ಸಂಜೆ ನಾಲ್ಕಕ್ಕೆ ಕಾಫಿ ಕಣದ ಸುತ್ತ ನಡೆಯುತ್ತಾರೆ, ಸಾಕು. ಮಳೆಗಾಲದ್ದು ನನ್ನ ದೊಡ್ಡ ಚಿಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು, ಹೊರಗೆ ಜಾರುವ ನೆಲ, ಜಿಗಣೆ, ಕರೆಂಟಿಲ್ಲ. ಒಲೆ ಮುಂದೆ ಕೂರುವುದು, ತಿನ್ನುವುದು, ಮತ್ತೆ ಕೂರುವುದು. ಪ್ರತಿ ವರ್ಷ ಮಳೆಗಾಲ ಮುಗಿಯುವಾಗ ವಯಸ್ಸಾದವರು ಒಂದು ಮೆಟ್ಟಿಲು ಇಳಿದಿರುತ್ತಾರೆ, ನೋಡಿ ನಿಮ್ಮ ಮನೆಯಲ್ಲೂ. ಅದಕ್ಕೆ ನಾವು ಈಗ ಜಗಲಿಯ ಈ ತುದಿಯಿಂದ ಆ ತುದಿಗೆ ಐದು ಲೀಟರ್ ನೀರಿನ ಕ್ಯಾನ್ ಎರಡೂ ಕೈಯಲ್ಲಿ ಹಿಡಿದು ನಡೆಯುತ್ತೇವೆ. ಒಂದೊಂದು ಐದು ಕೇಜಿ. ಬೆನ್ನು ನೆಟ್ಟಗೆ, ಹತ್ತು ಸುತ್ತು. ಅತ್ತೆಗೆ ಒಂದೊಂದು ಲೀಟರಿನ ಬಾಟಲಿ.

ನಮ್ಮನೆಯವರ ಕತೆ ಬೇರೆ. ಕೊಡಗಿನ ಗಂಡಸರಿಗೆ ಆಟ ಅಂದರೆ ಪ್ರಾಣ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದ ಮೇಲೆ ಬೇರೆ ಸಮುದಾಯಗಳಲ್ಲೂ ಕುಟುಂಬ ಟೂರ್ನಿಗಳು ಹುಟ್ಟಿಕೊಂಡವು, ನಮ್ಮವರಲ್ಲಿ ಕ್ರಿಕೆಟ್. ಬೇಸಿಗೆ ಬಂದರೆ ಊರೆಲ್ಲ ಮೈದಾನದಲ್ಲಿ. ತುಂಬಾ ಚೆಂದದ ಸಂಗತಿ ಅದು, ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ. ಆದರೆ ಹನ್ನೊಂದು ತಿಂಗಳು ಜೀಪಿನಲ್ಲಿ ಕೂತು, ಒಂದು ದಿನ ಇದ್ದಕ್ಕಿದ್ದ ಹಾಗೆ ಓಡಿದರೆ ತೊಡೆಯ ಹಿಂಭಾಗ ಹಿಡಿಯದೆ ಏನಾಗುತ್ತದೆ? ಇವರಿಗೆ ಎರಡು ವರ್ಷ ಸತತ ಹಾಗಾಯಿತು, ಮೊಣಕಾಲೂ ಸವೆದಿದೆ ಅಂದರು. ಇನ್ನು ಆಟ ಬಿಟ್ಟೆ ಅಂತ ಕೂತುಬಿಟ್ಟರು. ಅವರನ್ನು ಎಬ್ಬಿಸಿದ್ದು ಟೆನಿಸ್ ಆಟಗಾರ ರೋಹನ್ ಬೋಪಣ್ಣ. ನಮ್ಮ ಕೊಡಗಿನ ಹುಡುಗ 2024ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ, ಡಬಲ್ಸ್‌ನಲ್ಲಿ ನಂಬರ್ ಒನ್ ಆದವರಲ್ಲೇ ಹಿರಿಯ. ಮೊಣಕಾಲಿನ ಮೆತ್ತೆ ಸವೆದು ದಿನಾ ನೋವಿನ ಮಾತ್ರೆ ನುಂಗುತ್ತಿದ್ದೆ, ಅಯ್ಯಂಗಾರ್ ಯೋಗದಿಂದ ಕಾಲಿಗೆ ಬಲ ಬಂದು ಅದು ನಿಂತಿತು ಅಂತ ಅವರೇ ಹೇಳಿದ್ದಾರೆ. ಸವೆದ ಮೊಣಕಾಲಿಗೆ ಸುತ್ತಲಿನ ಮಾಂಸಖಂಡವೇ ಆಧಾರ. ನಮ್ಮನೆಯವರೂ ಈಗ ಅತ್ತೆಯ ಕುರ್ಚಿಯಲ್ಲಿ ಎದ್ದು ಕೂರುತ್ತಾರೆ, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುತ್ತಾರೆ.

ಊಟದ್ದು ಹೇಳಬೇಕು. ಬೆಳಗ್ಗೆ ಅಕ್ಕಿ ರೊಟ್ಟಿ ಇಲ್ಲವೇ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಅಥವಾ ನೂಲುಪುಟ್ಟು. ಮೂರು ಹೊತ್ತೂ ಅಕ್ಕಿ. ಅದನ್ನು ಬಿಡುವುದು ನಮ್ಮಿಂದ ಆಗದ ಮಾತು, ಬಿಡಬೇಕಾಗಿಯೂ ಇಲ್ಲ. ಎರಡು ರೊಟ್ಟಿ ಒಂದಾಯಿತು, ಪಕ್ಕದಲ್ಲಿ ಮೊಟ್ಟೆ ಅಥವಾ ಹೆಸರುಕಾಳಿನ ಪಲ್ಯ ಬಂತು. ವಯಸ್ಸಾದ ಹಾಗೆ ಮಾಂಸಖಂಡ ಉಳಿಯಲು ಪ್ರೋಟೀನ್ ಜಾಸ್ತಿ ಬೇಕು, ನಮ್ಮಲ್ಲಿ ಅಜ್ಜಿಯಂದಿರು ತಿನ್ನುವುದು ನೋಡಿದರೆ ಗಂಜಿ, ಉಪ್ಪಿನಕಾಯಿ. ಹಂದಿ ಸಾರು ಭಾನುವಾರಕ್ಕೆ ಇದ್ದೇ ಇದೆ, ಬಡಿಸುವಾಗ ಕೊಬ್ಬಿನ ತುಂಡು ಕಡಿಮೆ, ಜೊತೆಗೆ ಸೊಪ್ಪಿನ ಪಲ್ಯ ಕಡ್ಡಾಯ. ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನಕ್ಕೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ನಾನು ತಪ್ಪಿಸಿದವಳಲ್ಲ. ಹದಿನೆಂಟು ಬಗೆಯ ಮದ್ದು ಅದರಲ್ಲಿದೆ ಅಂತ ನಂಬಿ ಬೆಳೆದವಳು ನಾನು. ಆದರೆ ಒಂದು ದಿನದ ಸೊಪ್ಪು ಉಳಿದ ದಿನಗಳ ತಟ್ಟೆಯನ್ನು ಸರಿ ಮಾಡುವುದಿಲ್ಲ.

ಬೆಲ್ಲದ ಕಾಫಿ ನನ್ನ ದೊಡ್ಡ ತಪ್ಪಾಗಿತ್ತು. ದಿನಕ್ಕೆ ಆರು ಲೋಟ. ಬೆಲ್ಲ ಒಳ್ಳೆಯದು ಅಂತ ಎಷ್ಟೇ ಹೇಳಿದರೂ ರಕ್ತಕ್ಕೆ ಸೇರಿದಾಗ ಅದೂ ಸಕ್ಕರೆಯೇ. ಈಗ ಎರಡು ಲೋಟ, ಮಧ್ಯಾಹ್ನ ಮೂರರ ಮೇಲೆ ಇಲ್ಲ, ಯಾಕೆಂದರೆ ಕಾಫಿಯ ಕೆಫೀನ್ ಐದಾರು ಗಂಟೆ ಆದರೂ ಅರ್ಧ ಮೈಯಲ್ಲೇ ಇರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಜೋರು ಮಳೆಯ ರಾತ್ರಿ ನಮಗ್ಯಾರಿಗೂ ಸರಿಯಾದ ನಿದ್ದೆ ಇಲ್ಲ, ಅದರ ಮೇಲೆ ಕಾಫಿಯೂ ಎಬ್ಬಿಸುವುದು ಬೇಡ. ಊಟ ಆದ ತಕ್ಷಣ ಹತ್ತು ಹದಿನೈದು ನಿಮಿಷ ಜಗಲಿಯಲ್ಲಿ ನಡೆಯುತ್ತೇನೆ. ಕಾಲಿನ ಮಾಂಸಖಂಡ ದುಡಿಯುವಾಗ ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಆರು ತಿಂಗಳಿಗೆ 6.2 ಹೋಗಿ 5.8 ಆಯಿತು. ಇನ್ನೂ ಹೊಸ್ತಿಲಲ್ಲೇ ಇದ್ದೇನೆ, ಆದರೆ ಹೊರಕ್ಕೆ ಮುಖ ಮಾಡಿ.

ಕುಡಿತದ ಬಗ್ಗೆ ಕೊಡಗಿನಲ್ಲಿ ಬರೆಯುವುದು ಕಷ್ಟ. ಮದುವೆ, ತಿಥಿ, ಹಬ್ಬ ಎಲ್ಲದರಲ್ಲೂ ಗ್ಲಾಸು ಇದೆ. ಇಷ್ಟು ಕುಡಿದರೆ ತೊಂದರೆ ಇಲ್ಲ ಅನ್ನುವ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಚಳಿಗೆ ಒಳ್ಳೆಯದು, ಹೃದಯಕ್ಕೆ ಒಳ್ಳೆಯದು ಅನ್ನುವ ಮಾತನ್ನು ನಾವು ಮಕ್ಕಳ ಮುಂದೆ ಹೇಳುವುದನ್ನಾದರೂ ನಿಲ್ಲಿಸಬೇಕು. ನಮ್ಮನೆಯವರು ಹಬ್ಬಕ್ಕೆ ಮಾತ್ರ ಅಂತ ಇಳಿಸಿದ್ದಾರೆ, ಬಿಪಿ ಇಳಿದಿದೆ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ.

ಹೊಸ ಭತ್ತದ ಕದಿರು ಮನೆಗೆ ತರುವ ಹುತ್ತರಿ ಹಬ್ಬ ಬಂತು. ನಮ್ಮ ಗದ್ದೆ ಪಾಳಾದ ಮೇಲೆ ಭಾವನ ಗದ್ದೆಯಲ್ಲೇ ಕದಿರು ತೆಗೆಯುವುದು. ಪ್ಲಾಸ್ಟರ್ ತೆಗೆದು ಮೂರು ತಿಂಗಳಾಗಿತ್ತು. ಅತ್ತೆ ಮನೆಯಲ್ಲೇ ಇರುತ್ತಾರೆ ಅಂದುಕೊಂಡು ನಾನು ಅವರ ಸ್ವೆಟರ್ ತೆಗೆದಿಟ್ಟಿರಲೇ ಇಲ್ಲ. ನೋಡಿದರೆ ಸೀರೆ ಉಟ್ಟು ಕೋಲು ಹಿಡಿದು ಅಂಗಳದಲ್ಲಿ ನಿಂತಿದ್ದರು. ಬೆಳದಿಂಗಳಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿದರು, ಗದ್ದೆಯ ಬದುವಿನಲ್ಲಿ ನನ್ನ ಭುಜ ಹಿಡಿದರು. ಕೋವಿ ಹೊಡೆದಾಗ ಎಲ್ಲರ ಜೊತೆ ಪೊಲಿ ಪೊಲಿ ಅಂತ ಕೂಗಿದರು. ಬರುವಾಗ ನಾಲ್ಕು ಕಡೆ ನಿಂತರು, ಹಲಸಿನ ಮರದ ಹತ್ತಿರ ಜಾಸ್ತಿ ಹೊತ್ತು. ಜೀಪು ತರಿಸಲಾ ಅತ್ತೆ ಅಂತ ಕೇಳಿದೆ. "ಬೇಡ, ಸ್ವಲ್ಪ ತಡಿ," ಅಂದರು.

ಬೀಳುವ ಮೊದಲಿನಷ್ಟು ಅವರು ಆಗಿಲ್ಲ. ಹುಲ್ಲಿನ ಹೊರೆ ಈಗ ಇಲ್ಲ. ಆದರೆ ದಿಂಬಿಲ್ಲದ ಕುರ್ಚಿಯಲ್ಲಿ ಹನ್ನೆರಡು ಸಲ ಏಳುತ್ತಾರೆ, ಬೀನ್ಸ್ ನಿಂತೇ ಹೆಚ್ಚುತ್ತಾರೆ, ಬಚ್ಚಲಿಗೆ ಯಾರನ್ನೂ ಕರೆಯುವುದಿಲ್ಲ. ಈ ವರ್ಷದ ಮಳೆಗೆ ಇನ್ನು ಹದಿನೈದು ದಿನ ಇದೆ. ಕೊಟ್ಟಿಗೆಯ ಮೆಟ್ಟಿಲಿಗೆ ಪಾಚಿ ಉಜ್ಜಿ ಒರಟು ಸಿಮೆಂಟ್ ಹಾಕಿಸಿದ್ದೇವೆ, ಪಕ್ಕದಲ್ಲಿ ಹಿಡಿಯಲು ಕಬ್ಬಿಣದ ಪೈಪು ನೆಟ್ಟಿದ್ದೇವೆ. ನೀರಿನ ಕ್ಯಾನುಗಳನ್ನು ತೊಳೆದು ಜಗಲಿಯ ಮೂಲೆಗೆ ಇಟ್ಟಾಗಿದೆ. ಅತ್ತೆ ನಿನ್ನೆ ಒಂದು ಲೀಟರಿನ ಬಾಟಲಿ ಬದಿಗಿಟ್ಟು ಎರಡು ಲೀಟರಿನದು ಕೇಳಿದರು.